ಕಾಫಿ ಮೂಟೆಯ ಗಂಟು

ಹಾಕಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾದದ್ದಿಲ್ಲ ಎಂಬ ಹಮ್ಮು ಕೆನಡಾಕ್ಕೆ ಬಂದ ಮೇಲೂ ಬಹಳ ಕಾಲ ಉಳಿದಿತ್ತು. ಕೊಡಗಿನ ಸೋಮವಾರಪೇಟೆಯ ಕಡೆ ಹುಟ್ಟಿ, ಶಾಲಾ ತಂಡದಲ್ಲಿ ರೈಟ್ ಹಾಫ್ ಆಡಿದವನು ಆರು ವರ್ಷದ ಮಗನನ್ನು ಮಿಸಿಸಾಗಾದ ಐಸ್ ಹಾಕಿ ತಂಡಕ್ಕೆ ಸೇರಿಸುವಾಗ ಹಿಂದೆ ಮುಂದೆ ನೋಡುವುದುಂಟೇ? ಕೋಲು ಇದೆ, ಗೋಲು ಇದೆ. ಚೆಂಡಿನ ಜಾಗದಲ್ಲಿ ಒಂದಂಗುಲ ದಪ್ಪ, ಮೂರಂಗುಲ ಅಗಲದ ರಬ್ಬರಿನ ಬಿಲ್ಲೆ, ಹುಲ್ಲಿನ ಜಾಗದಲ್ಲಿ ಮಂಜುಗಡ್ಡೆ. ಉಳಿದದ್ದೆಲ್ಲ ಅದೇ ಎಂದುಕೊಂಡೆ.

ಮೊದಲ ದಿನವೇ ಆ ಹಮ್ಮು ಇಳಿಯಿತು. ಅಂಗಡಿಯಿಂದ ತಂದ ಹೊಚ್ಚಹೊಸ ಸ್ಕೇಟು ತೊಟ್ಟು ಮಂಜಿಗಿಳಿದ ಮಗ, ಆಗತಾನೇ ಹುಟ್ಟಿದ ಕರುವಿನಂತೆ ನಾಲ್ಕು ದಿಕ್ಕಿಗೂ ಕಾಲು ಚಾಚಿ ಬಿದ್ದ. ಎದ್ದ, ಮತ್ತೆ ಬಿದ್ದ. "ಮಂಡಿ ಬಗ್ಗಿಸು, ಮುಂದೆ ನೋಡು" ಎಂದು ನಾನು ಗಾಜಿನಾಚೆಯಿಂದ ಅರಚುತ್ತಲೇ ಇದ್ದೆ. ಕೋಚ್ ಅವನ ಪಾದವನ್ನು ಎತ್ತಿ, ಸ್ಕೇಟಿನ ಅಲಗಿನ ಮೇಲೆ ಹೆಬ್ಬೆರಳು ಸವರಿ, ನನ್ನ ಕಡೆ ಬಹಳ ಮರುಕದಿಂದ ನೋಡಿದರು. ಹೊಸ ಸ್ಕೇಟಿನ ಅಲಗು ಮೊಂಡಾಗಿಯೇ ಬರುತ್ತದೆ, ಅದಕ್ಕೆ ಸಾಣೆ ಹಿಡಿಸಿದ ಮೇಲೆಯೇ ಮಂಜಿಗಿಳಿಯಬೇಕು ಎಂಬುದು ಅಲ್ಲಿದ್ದ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿತ್ತು. ರಾತ್ರಿ ಫೋನಿನಲ್ಲಿ ಇದನ್ನು ಊರಿನಲ್ಲಿದ್ದ ಅಪ್ಪನಿಗೆ ಹೇಳಿದರೆ ಅವರು, "ಕತ್ತಿಗೆ ಸಾಣೆ ಹಿಡಿಸದೆ ಯಾವನಾದ್ರೂ ತೋಟಕ್ಕೆ ಇಳೀತಾನೇನೋ?" ಎಂದು ಕೇಳಿದರು. ಹಾಕಿ ಕೋಲನ್ನು ಕೈಯಲ್ಲಿ ಹಿಡಿಯದ ಮನುಷ್ಯ!

ಆಮೇಲೆ ಉಡುಪಿನ ಪಾಠ. ಮೊದಲು ಮೊಣಕಾಲಿನ ಕವಚ, ಅದರ ಮೇಲೆ ಉದ್ದ ಸಾಕ್ಸು, ಆಮೇಲೆ ದಿಂಬಿನಂಥ ಚಡ್ಡಿ, ಆಮೇಲೆ ಸ್ಕೇಟು, ಕೊನೆಗೆ ಭುಜ, ಮೊಣಕೈ, ಕುತ್ತಿಗೆಪಟ್ಟಿ, ಜಾಲರಿಯ ಹೆಲ್ಮೆಟ್. ಈ ಕ್ರಮ ತಪ್ಪಿ ಸ್ಕೇಟನ್ನು ಮೊದಲು ಕಟ್ಟಿದವನು ಚಡ್ಡಿಯನ್ನು ತಲೆಯ ಕಡೆಯಿಂದ ತೊಡಿಸಬೇಕಾಗುತ್ತದೆ. ನಾನು ಹೆಚ್ಚುಕಡಿಮೆ ಆ ಪ್ರಯತ್ನವನ್ನೂ ಮಾಡಿದ್ದೇನೆ. ಎಲ್ಲವೂ ಸರಿಯಾಗಿ ಮುಗಿದು, ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮರುಕ್ಷಣ ಜಾಲರಿಯೊಳಗಿಂದ "ಅಪ್ಪಾ, ಸುಸ್ಸು" ಎಂಬ ಕ್ಷೀಣ ದನಿ ಕೇಳಿಸುವುದು ಮಾತ್ರ ಯಾವ ವಾರವೂ ತಪ್ಪಿದ್ದಿಲ್ಲ.

ನವೆಂಬರಿನಲ್ಲಿ ಅಪ್ಪ ಬಂದರು. ಶನಿವಾರ ಬೆಳಗಿನ ಆರು ಗಂಟೆಯ ಆಟಕ್ಕೆ ಅವರು ಎರಡು ಸ್ವೆಟರ್, ಮಂಕಿ ಕ್ಯಾಪ್ ಮತ್ತು ಫ್ಲಾಸ್ಕಿನ ತುಂಬ ಮನೆಯ ಕಾಫಿಯೊಂದಿಗೆ ಸಜ್ಜಾಗಿ ಬಂದು, ಮಂಜಿನ ಮೇಲೆ ಬಿಸಿನೀರು ಹರಡಿ ನುಣುಪು ಮಾಡುತ್ತ ಸಾಗುವ ಜಾಂಬೋನಿ ಯಂತ್ರವನ್ನು ಕಂಡು, "ಕಾಫಿ ಒಣಗಿಸೋ ಕಣಾನ ಸಗಣಿ ಹಾಕಿ ಸಾರಿಸಿದ ಹಾಗೇ ಇದೆಯಲ್ಲ" ಎಂದು ತಲೆದೂಗಿದರು. ಈ ವಯಸ್ಸಿನ ಮಕ್ಕಳ ಆಟದಲ್ಲಿ ಗೋಲುಗಳ ಲೆಕ್ಕ ಇಡುವುದಿಲ್ಲ ಎಂದಾಗ ಮಾತ್ರ ಅವರಿಗೆ ನಂಬಿಕೆಯೇ ಬರಲಿಲ್ಲ. ಬೆರಳು ಮಡಿಸಿ ತಾವೇ ಲೆಕ್ಕವಿಟ್ಟು, ಕೊನೆಗೆ ಎದುರು ತಂಡದ ಅಜ್ಜಿಯೊಬ್ಬರಿಗೆ ಒಂಬತ್ತು ಬೆರಳು ತೋರಿಸಿ ಬಂದರು.

ಅವರ ಹಾಕಿಯ ಅಳತೆಗೋಲೇ ಬೇರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಷ್ಟು ಬೆಳೆದಿತ್ತು. ನಾವು ಕೊಡವರಲ್ಲದಿದ್ದರೂ ಅಪ್ಪ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವವರು. "ಅಲ್ಲಿ ಮೊಮ್ಮಗಳೂ ಅಜ್ಜನೂ ಒಂದೇ ತಂಡದಲ್ಲಿ ಓಡ್ತಾರೆ. ಇಲ್ಲಿ ಮನೆಮಂದಿಯೆಲ್ಲ ಚೀಲ ಹೊರೋದೇ ಆಯ್ತಲ್ಲೋ" ಎಂದವರು, ಮುಂದಿನ ವಾರ ಸ್ಕೇಟಿನ ಲೇಸು ಕಟ್ಟುವ ಕೆಲಸವನ್ನು ತಮಗೇ ಬಿಡಬೇಕೆಂದು ಹಟ ಹಿಡಿದರು. ಐವತ್ತು ಕೆಜಿಯ ಕಾಫಿ ಮೂಟೆಗಳ ಬಾಯಿಯನ್ನು ನಲವತ್ತು ವರ್ಷ ಬಿಗಿದ ಕೈ. ಮಗ ಮಂಜಿಗಿಳಿದು ಐದು ನಿಮಿಷಕ್ಕೆ ಅಳುತ್ತ ಬಂದ. ಪಾದಗಳೆರಡೂ ಜೋಮು ಹಿಡಿದಿದ್ದವು. ಆ ಗಂಟನ್ನು ಬಿಚ್ಚಲು ನನ್ನಿಂದಾಗಲಿಲ್ಲ, ಕೋಚ್‌ರಿಂದಾಗಲಿಲ್ಲ, ಸ್ವತಃ ಕಟ್ಟಿದವರಿಂದಲೂ ಆಗಲಿಲ್ಲ. ಕೊನೆಗೆ ಕತ್ತರಿಯೇ ಬೇಕಾಯಿತು. ಬದಲಿ ಲೇಸು ನನ್ನ ಬಳಿ ಇರಲಿಲ್ಲವೆಂದು ಬೇರೆ ಹೇಳಬೇಕೇ?

ಅಪ್ಪ ಆ ದಿನ ಮಾತಾಡಲಿಲ್ಲ. ಆದರೆ ವಾರವಿಡೀ ರಾತ್ರಿ ಊಟವಾದ ಮೇಲೆ ಮಗನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ಕಡೆ ಸಡಿಲ, ಕಣಕಾಲಿನ ಬಳಿ ಬಿಗಿ, ಮೇಲೆ ಎರಡು ಕುಣಿಕೆ ಎಂದು ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದರು. ಆ ಹೊತ್ತಿನಲ್ಲಿ ಮಗ ನನಗೆಂದೂ ಹೇಳದ ಸಂಗತಿಗಳನ್ನೆಲ್ಲ ಅವರಿಗೆ ಹೇಳುತ್ತಿದ್ದ. ಬಿದ್ದರೆ ಭಯವಾಗುತ್ತದೆಂಬುದನ್ನೂ, ನಾನು ಗಾಜಿನಾಚೆಯಿಂದ ಅರಚುವುದು ಬೇಡವೆಂಬುದನ್ನೂ. ಪಕ್ಕದ ಕೋಣೆಯಲ್ಲಿ ಕುಳಿತು ನಾನಿದನ್ನು ಕೇಳಿಸಿಕೊಂಡೆ. ಅಂದಿನಿಂದ ನನ್ನ ಬಾಯಿ ಬಂದ್.

ಏಪ್ರಿಲ್ ಬರುವ ಮೊದಲೇ ಅಪ್ಪ ಊರಿಗೆ ಮರಳಿದರು. ಉಡುಪು ಬದಲಿಸುವ ಕೋಣೆಯಲ್ಲಿ ಮೊಬೈಲ್ ಬಳಸುವಂತಿಲ್ಲವಾದ್ದರಿಂದ ನಾವೀಗ ಹೊರಗಿನ ಬೆಂಚಿನ ಮೇಲೆ ಕುಳಿತು ಸ್ಕೇಟು ಕಟ್ಟುತ್ತೇವೆ. ನಮಗೆ ಬೆಳಗಿನ ಐದೂವರೆ, ಅಲ್ಲಿ ಸಂಜೆ. ಮಗ ಮೊಬೈಲನ್ನು ತನ್ನ ಪಾದದ ಕಡೆ ತಿರುಗಿಸಿ ಹಿಡಿಯುತ್ತಾನೆ. ಜಗಲಿಯ ಮೇಲೆ ಕುಳಿತ ಅಪ್ಪ ಕನ್ನಡಕ ಏರಿಸಿ ದಿಟ್ಟಿಸುತ್ತಾರೆ.

"ಎಡಗಾಲಿಂದು, ಮೇಲಿಂದ ಮೂರನೇ ತೂತು, ಸಡಿಲ ಇದೆ ನೋಡು."

ನಾನು ನೆಲಕ್ಕೆ ಮಂಡಿಯೂರಿ, ಬಿಚ್ಚಿ, ಮತ್ತೆ ಕಟ್ಟುತ್ತೇನೆ.