ಬಿರಡೆ ಮುಟ್ಟಬೇಡಿ ಸಾರ್

ಕ್ಲಾಸು ಶುರುವಾಗಬೇಕಾದದ್ದು ಬೆಳಿಗ್ಗೆ ಏಳಕ್ಕೆ. ಇವತ್ತು ಏಳೂ ಮುಕ್ಕಾಲಾದರೂ ಇಪ್ಪತ್ತೆರಡು ಪಿಟೀಲುಗಳಲ್ಲಿ ಒಂದೂ ನೆಟ್ಟಗೆ ‘ಸ’ ಅನ್ನಲಿಲ್ಲ. ಮಕ್ಕಳು ಬಂದಿದ್ದರು, ಮೇಡಂ ಬಂದಿದ್ದರು, ಶ್ರುತಿಪೆಟ್ಟಿಗೆ ಆರೂ ಐವತ್ತರಿಂದ ಗುಂಯ್‌ಗುಡುತ್ತಿತ್ತು. ತಡವಾದದ್ದು ಮೊದಲ ಸಾಲಿನ ಹಿಂದೆ ಕೂತಿದ್ದ ಒಬ್ಬ ಅಪ್ಪನಿಂದ. ಅವರ ಬಲಗೈಯಲ್ಲಿ ಮಗಳ ಪಿಟೀಲಿನ ಬಿರಡೆ, ಅಂದರೆ ತಂತಿ ಬಿಗಿಮಾಡುವ ಗೂಟ, ಎಡಗೈಯಲ್ಲಿ ಮೊಬೈಲು.

ಮೈಸೂರಿನ ಬೇಸಿಗೆ ಶಿಬಿರಗಳ ಸಂಗತಿ ಗೊತ್ತೇ ಇದೆಯಲ್ಲ. ಪರೀಕ್ಷೆ ಮುಗಿದ ಮಾರನೇ ದಿನವೇ ಈಜು, ಕರಾಟೆ, ನಾಟಕ, ಚಿತ್ರಕಲೆ. ಮಗು ಹನ್ನೊಂದು ಗಂಟೆಯವರೆಗೆ ಮನೆಯಲ್ಲಿಲ್ಲದಿದ್ದರೆ ಸಾಕು, ಏನು ಕಲಿತರೂ ಸರಿ. ತಂತಿವಾದ್ಯದ ಶಿಬಿರದಲ್ಲಿ ಮಾತ್ರ ಆ ಸುಖವಿಲ್ಲ. ಕರಪತ್ರದಲ್ಲಿ ‘ಪೋಷಕರೂ ಮಕ್ಕಳ ಜೊತೆ ಕೂತು ಕಲಿಯಬಹುದು’ ಅಂತ ಒಂದು ಸಾಲಿರುತ್ತೆ. ಅದರ ಹಿಂದಿನ ಲೆಕ್ಕಾಚಾರ ಸರಿಯಾಗಿಯೇ ಇದೆ. ಕ್ಲಾಸಿನಲ್ಲಿ ಕಲಿಸೋದು ಒಂದು ಗಂಟೆ, ಉಳಿದ ಇಪ್ಪತ್ತಮೂರು ಗಂಟೆ ವಾದ್ಯ ಇರೋದು ಮನೆಯಲ್ಲಿ. ಕಮಾನು ಓರೆಯಾಗಿ ಹೋದಾಗ ‘ನೆಟ್ಟಗೆ ಎಳಿ ಮರಿ’ ಅನ್ನೋದಕ್ಕೆ ಒಬ್ಬರು ಬೇಕು. ಆದರೆ ಆ ಸಾಲಿನಲ್ಲಿ ‘ಬಿರಡೆಯನ್ನೂ ತಿರುಗಿಸಬಹುದು’ ಅಂತ ಎಲ್ಲೂ ಬರೆದಿಲ್ಲ.

ತಂಟೆ ಶುರುವಾಗೋದು ಅದಕ್ಕೂ ಮುಂಚೆ, ಅಂಗಡಿಯಲ್ಲಿ. ಪಿಟೀಲು ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಬರುತ್ತೆ. ಹೆಸರಿಗಷ್ಟೇ ಅರ್ಧ, ಪೂರ್ತಿ ಪಿಟೀಲಿನ ಹೊಟ್ಟೆ, ಅಂದರೆ ಕತ್ತು ಬಿಟ್ಟು ಉಳಿದದ್ದು, 14 ಇಂಚು ಇದ್ದರೆ ಅರ್ಧದ್ದು 12 ಇಂಚಿಗೆ ಒಂಚೂರು ಮೇಲೆ. ಏಳೆಂಟು ವರ್ಷದ ಮಗುವಿಗೆ ಸಾಮಾನ್ಯವಾಗಿ ಅರ್ಧ, ಒಂಬತ್ತು ಹತ್ತಕ್ಕೆ ಮುಕ್ಕಾಲು. ನೋಡೋ ವಿಧಾನವೂ ಸುಲಭ. ಮಗು ನೆಲದ ಮೇಲೆ ಕೂತು, ಪಿಟೀಲಿನ ತುದಿಯ ಸುರುಳಿಯನ್ನು ಬಲಗಾಲಿನ ಮೇಲೆ ಊರಿ, ಎಡಗೈಯನ್ನು ಸುರುಳಿಯ ಹತ್ತಿರಕ್ಕೆ ಒಯ್ದಾಗ ಮೊಣಕೈ ಇನ್ನೂ ಮಡಿಸಿಯೇ ಇರಬೇಕು. ಕೈ ಕೋಲಿನ ಹಾಗೆ ನೆಟ್ಟಗಾಯಿತೋ, ಪಿಟೀಲು ದೊಡ್ಡದು. ಆದರೆ ಯೂನಿಫಾರಂ ಹೊಲಿಸಿ ಪಳಗಿದ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳೋರು ಯಾರು? ‘ಬೆಳೀತಾನೆ ಬಿಡಿ, ಮೂರು ವರ್ಷ ಬರ್ಲಿ’ ಅಂತ ಪೂರ್ತಿಯದನ್ನೇ ತಂದಿರುತ್ತಾರೆ. ಪ್ಯಾಂಟಾದರೆ ಅಂಚು ಮಡಿಸಿ ಹೊಲಿಗೆ ಹಾಕಿಸಬಹುದು.

ಇರಲಿ, ಬಿರಡೆಗೆ ಬರೋಣ.

ಪಿಟೀಲಿನ ಬಿರಡೆಯಲ್ಲಿ ಹಲ್ಲಿಲ್ಲ, ಸ್ಪ್ರಿಂಗಿಲ್ಲ, ತಿರುಪೂ ಇಲ್ಲ. ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುವ ಒಂದು ಮರದ ಗೂಟ, ಅದರ ಅಳತೆಗೆ ಕೊರೆದ ತೂತು, ನಡುವೆ ಬರೀ ತಿಕ್ಕಾಟ. ಏಪ್ರಿಲ್ ಬಿಸಿಲಿಗೆ ಮರ ಒಣಗಿ ಸೊರಗುತ್ತೆ, ಸಂಜೆ ಗುಡುಗಿ ನಾಲ್ಕು ಹನಿ ಬಿದ್ದರೆ ಉಬ್ಬುತ್ತೆ. ಬೆಳಿಗ್ಗೆ ಟರ್‍ರ್ ಅಂತ ಜಾರುವ ಬಿರಡೆಯೇ ರಾತ್ರಿ ಕಚ್ಚಿಕೊಂಡು ಅಲ್ಲಾಡೋದಿಲ್ಲ. ಜಾರಿದರೆ ಬಿರಡೆ ಕಳಚಿ, ತೂತಿಗೆ ತಾಗುವ ಎರಡು ಕಡೆ ಸೀಮೆಸುಣ್ಣ ತಿಕ್ಕಿ. ಕಚ್ಚಿಕೊಂಡರೆ ಅದೇ ಜಾಗಕ್ಕೆ ಒಣ ಸೋಪು. ತಿರುಗಿಸುವಾಗ ಒಳಕ್ಕೆ ಒತ್ತುತ್ತಾ ತಿರುಗಿಸಬೇಕು, ಬರೀ ತಿರುಗಿಸಿದರೆ ಕೈಬಿಟ್ಟ ಕ್ಷಣ ವಾಪಸ್. ಮೊದಲು ಒಂಚೂರು ಇಳಿಸಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಸ್ವರಕ್ಕೆ ಬರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಬಿರಡೆಯ ಗೊಡವೆಯೇ ಬೇಡ. ಆ ಕೆಲಸಕ್ಕೆ ಅಂತಲೇ ತಂತಿಯ ಇನ್ನೊಂದು ತುದಿಯಲ್ಲಿ ಪುಟ್ಟ ತಿರುಪು ಇದೆ, ಫೈನ್ ಟ್ಯೂನರ್ ಅಂತಾರೆ.

ನಮ್ಮ ಅಪ್ಪ ಆ ತಿರುಪನ್ನು ನೋಡಿದವರೇ ಅಲ್ಲ. ಅವರು ನೋಡೋದು ಹಸಿರು ದೀಪವನ್ನು. ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ತಂತಿ ಸರಿಯಾದಾಗ ಹಸಿರು ಹತ್ತುತ್ತೆ. ಆ ಆ್ಯಪ್ ಇಂಗ್ಲಿಷ್ ಸಂಗೀತದ್ದು. ಅದಕ್ಕೆ ದಪ್ಪ ತಂತಿಯಿಂದ ಸಣ್ಣದಕ್ಕೆ ಬೇಕಾದದ್ದು ಜಿ, ಡಿ, ಎ, ಇ. ನಮಗೆ ಬೇಕಾದದ್ದು ಸ, ಪ, ಮತ್ತೆ ಸ, ಮತ್ತೆ ಪ. ಶಿಬಿರದ ಶ್ರುತಿ ಐದು ಮನೆ, ಹಾರ್ಮೋನಿಯಂನ ಬಿಳಿ ಐದು, ಇಂಗ್ಲಿಷಿನಲ್ಲಿ ಅದೇ ಜಿ. ಇಲ್ಲೇ ನೋಡಿ ಮೋಸ ಇರೋದು. ದಪ್ಪ ತಂತಿ ಜಿ: ಮೇಡಂಗೂ ಸರಿ, ಆ್ಯಪ್‌ಗೂ ಸರಿ. ಅದರ ಪಕ್ಕದ್ದು ಡಿ: ಇಬ್ಬರಿಗೂ ಸರಿ. ಎರಡು ಸಲ ಹಸಿರು ಕಂಡ ಮನುಷ್ಯನಿಗೆ ಧೈರ್ಯ ಬಾರದೆ ಇರುತ್ತಾ? ಮೂರನೆಯದಕ್ಕೆ ಬಂದರೆ ನಮಗೆ ಬೇಕಾದದ್ದು ಮೇಲಿನ ಜಿ, ಆ್ಯಪ್ ಕೇಳೋದು ಎ. ಕೊನೆಯದಕ್ಕೆ ನಮಗೆ ಡಿ, ಅದಕ್ಕೆ ಇ. ಎರಡೂ ಪೂರಾ ಒಂದೊಂದು ಸ್ವರ ಜಾಸ್ತಿ. ಅರ್ಧ ಪಿಟೀಲು ಕರ್ನಾಟಕ ಸಂಗೀತ, ಉಳಿದರ್ಧ ವಿದೇಶ ಪ್ರವಾಸ.

‘ಸಾರ್, ಬಿರಡೆ ಮುಟ್ಟಬೇಡಿ, ನಾನು ಬರ್ತೀನಿ’ ಅಂದರು ಮೇಡಂ, ಮೂರನೇ ಸಾಲಿನಿಂದ.

‘ಆಗೋಯ್ತು ಮೇಡಂ, ಒಂಚೂರು ಅಷ್ಟೇ.’

ಅದೇ ಹೊತ್ತಿಗೆ ಹಾಲಿನಲ್ಲಿ ಇನ್ನು ಇಪ್ಪತ್ತೊಂದು ಪಿಟೀಲು ಕುಯ್ಯುಗುಡುತ್ತಿವೆ. ಆ್ಯಪ್‌ಗೆ ಯಾರ ಪಿಟೀಲಾದರೇನು? ಪಕ್ಕದ ಹುಡುಗ ಅವನ ತಂತಿ ಮೀಟಿದರೆ ಇವರ ಮೊಬೈಲಿನಲ್ಲಿ ಹಸಿರು. ಇವರು ಖುಷಿಯಾಗಿ ಮಗಳ ಬಿರಡೆ ಬಿಡ್ತಾರೆ. ಹುಡುಗ ನಿಲ್ಲಿಸಿದರೆ ಕೆಂಪು, ಇವರು ಮತ್ತೆ ತಿರುಗಿಸ್ತಾರೆ. ಹಾಗೆ ಆರೇಳು ನಿಮಿಷ ಆ ಮನುಷ್ಯ ಪಕ್ಕದ ಮನೆಯವರ ಪಿಟೀಲಿನ ಶ್ರುತಿಯನ್ನು ತಮ್ಮ ಮಗಳ ಪಿಟೀಲಿನಲ್ಲಿ ಹುಡುಕಿದರು. ‘ಅಪ್ಪಾ, ಬಿಡಪ್ಪಾ, ಮಿಸ್ ಮಾಡ್ತಾರೆ’ ಅಂತ ಮಗಳು ಎರಡು ಸಲ ಹೇಳಿದಳು, ಮೂರನೇ ಸಲ ಹೇಳದೆ ಸೀಲಿಂಗ್ ಫ್ಯಾನ್ ನೋಡುತ್ತಾ ಕೂತಳು. ಒಮ್ಮೆ ಇವರು ‘ಸ್ವಲ್ಪ ಸುಮ್ನಿರ್‍ರೋ’ ಅಂತ ಮಕ್ಕಳನ್ನು ಗದರಿದರು ನೋಡಿ, ಆಗಲೂ ಹಸಿರು ಹತ್ತಿತು. ಅವರ ಗಂಟಲು ಶ್ರುತಿಯಲ್ಲಿದೆ ಅಂತಾಯಿತು.

ಆಮೇಲೆ ಟಣ್.

ಹೋಗೋದು ಯಾವಾಗಲೂ ಸಣ್ಣ ತಂತಿಯೇ. ಉಕ್ಕಿನದು, ಕೂದಲಿನಷ್ಟು ತೆಳು. ಕಚ್ಚಿಕೊಂಡ ಬಿರಡೆ ಹಟಾತ್ತನೆ ಬಿಟ್ಟುಕೊಂಡರೆ ಸ್ವರ ಹಸಿರನ್ನು ದಾಟಿ ಹೋಗಿರುತ್ತೆ, ತಿರುಗಿಸುವವರು ಮಾತ್ರ ಹಸಿರು ಇನ್ನೂ ಬರಲಿಲ್ಲ ಅಂತ ತಿರುಗಿಸ್ತಾನೇ ಇರ್ತಾರೆ. ನಾಲ್ಕು ಬಿರಡೆಗೇ ಈ ಗತಿ. ಇದೇ ಸೀಮೆಯ ತಿರುಮಕೂಡಲಿನ ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಅಂತ ಏಳು ತಂತಿಯ ಪಿಟೀಲು ಕಟ್ಟಿಸಿ ಆಯುಷ್ಯವಿಡೀ ನುಡಿಸಿದರು. ಏಳು ಬಿರಡೆ! ಅವರ ಅಕ್ಕಪಕ್ಕ ಆ್ಯಪ್ ಹಿಡಿದ ಯಾರೂ ಇರಲಿಲ್ಲ, ಪುಣ್ಯ.

ತಂತಿ ಹರಿದದ್ದು ದೊಡ್ಡ ಮಾತಲ್ಲ, ಬೇರೆ ಹಾಕಬಹುದು. ಆ ಅಪ್ಪ ಮುಂದೇನು ಮಾಡಿದರು ಗೊತ್ತಾ? ‘ಹೆಂಗಿದ್ರೂ ಒಂದು ಹೋಯ್ತಲ್ಲ, ನಾಲ್ಕೂ ಹೊಸದಾಗಿ ಹಾಕ್ಬಿಡೋಣ’ ಅಂತ ಉಳಿದ ಮೂರನ್ನೂ ಸಡಿಲಿಸಿದರು. ಪಿಟೀಲಿನ ಕುದುರೆಯನ್ನು, ಅಂದರೆ ತಂತಿಗಳು ಕೂರುವ ಆ ಪುಟ್ಟ ಸೇತುವೆಯನ್ನು, ಯಾರೂ ಅಂಟಿಸಿರೋದಿಲ್ಲ. ತಂತಿಯ ಒತ್ತಡದಲ್ಲೇ ಅದು ನಿಂತಿರೋದು. ತಂತಿ ಸಡಿಲವಾಯಿತು, ಕುದುರೆ ಮಲಗಿತು. ಪಿಟೀಲಿನ ಹೊಟ್ಟೆಯೊಳಗೆ ಇನ್ನೊಂದಿದೆ: ಪೆನ್ಸಿಲಿಗಿಂತ ಸ್ವಲ್ಪ ಸಣ್ಣ ಒಂದು ಮರದ ಕಡ್ಡಿ, ಮೇಲಿನ ಹಲಗೆಗೂ ಕೆಳಗಿನದಕ್ಕೂ ನಡುವೆ ಬರೀ ಒತ್ತಡದ ಮೇಲೆ ನಿಂತದ್ದು. ಸೌಂಡ್ ಪೋಸ್ಟ್ ಅಂತಾರೆ. ಫ್ರೆಂಚರು ಅದಕ್ಕೆ ಇಟ್ಟ ಹೆಸರು ‘ಆತ್ಮ’. ಅದೂ ಬಿತ್ತು. ಪಿಟೀಲು ಅಲ್ಲಾಡಿಸಿದರೆ ಒಳಗೆ ಕಟಕಟ.

‘ಮೇಡಂ, ಒಳಗೆ ಏನೋ ಪೆನ್ಸಿಲ್ ಬಿದ್ದಿದೆ’ ಅಂದರು, ಅಲ್ಲಾಡಿಸುತ್ತಾ.

ಅದನ್ನು ಮತ್ತೆ ನಿಲ್ಲಿಸಬೇಕಾದರೆ ಎಸ್ ಆಕಾರದ ಒಂದು ಕಬ್ಬಿಣದ ಸಾಧನವನ್ನು ಪಕ್ಕದ ಸೀಳಿನಿಂದ ಒಳಗೆ ತೂರಿಸಿ, ಸಣ್ಣ ತಂತಿಯ ಕಡೆ ಕುದುರೆಯ ಕಾಲಿಗೆ ಸ್ವಲ್ಪ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ನೆಟ್ಟಗೆ ಕೂರಿಸಬೇಕು. ರಿಪೇರಿಯವರ ಕೆಲಸ ಅದು, ಮನೆಯ ಚಾಕು ಚಮಚದ್ದಲ್ಲ. ತಂತಿ ಬದಲಾಯಿಸೋದು ಯಾವತ್ತೂ ಒಂದೊಂದಾಗಿ. ಒಂದು ಹಾಕಿ ಬಿಗಿ ಮಾಡಿದ ಮೇಲೆ ಇನ್ನೊಂದನ್ನು ಬಿಚ್ಚೋದು. ಹೋದ ವಾರ ಇನ್ನೊಬ್ಬರು ಕುದುರೆ ಪದೇ ಪದೇ ಬೀಳುತ್ತೆ ಅಂತ ಫೆವಿಕ್ವಿಕ್ ಹಾಕಿ ತಂದಿದ್ದರು. ಗಟ್ಟಿಯಾಗಿಯೇ ಕೂತಿತ್ತು, ಅರ್ಧ ಇಂಚು ಪಕ್ಕಕ್ಕೆ.

ರೋಸಿನ್, ಅಂದರೆ ಕಮಾನಿನ ಕೂದಲಿಗೆ ತಿಕ್ಕುವ ಗಟ್ಟಿ ಅಂಟು, ಅದರ ಕಥೆ ಚಿಕ್ಕದು. ಮಂಡ್ಯದ ಬೆಲ್ಲದ ಚೂರಿನ ಹಾಗೇ ಹೊಳೆಯೋದರಿಂದ ಪ್ರತಿ ಬ್ಯಾಚಿನಲ್ಲೂ ಒಬ್ಬನಾದರೂ ನೆಕ್ಕಿ ನೋಡ್ತಾನೆ. ಹೊಸ ರೋಸಿನ್ ಗಾಜಿನ ಹಾಗೆ ನುಣುಪು, ಕಮಾನಿನ ಕೂದಲಿಗೆ ಹತ್ತೋದೇ ಇಲ್ಲ. ಸಣ್ಣ ಮರಳು ಕಾಗದದಲ್ಲಿ ಮೇಲ್ಮೈ ಒರಟು ಮಾಡಿಕೊಳ್ಳಬೇಕು. ಆಮೇಲೆ ದಿನಕ್ಕೆ ನಾಲ್ಕೈದು ಸಲ ಎಳೆದರೆ ಧಾರಾಳ. ಅಷ್ಟರಲ್ಲಿ ಬೆಳಿಗ್ಗೆ ಅಜ್ಜಿ ತಲೆಗೆ ತಟ್ಟಿದ ಕೊಬ್ಬರಿ ಎಣ್ಣೆ ಮಗುವಿನ ಕೈಗೆ, ಕೈಯಿಂದ ಕಮಾನಿನ ಕೂದಲಿಗೆ. ಎಣ್ಣೆ ತಾಗಿದ ಜಾಗ ತಂತಿಯನ್ನು ಹಿಡಿಯೋದಿಲ್ಲ, ಅಲ್ಲಿ ಬಂದಾಗಲೆಲ್ಲ ಸ್ವರ ಮಾಯ. ನುಡಿಸಿದ ಮೇಲೆ ಕಮಾನಿನ ತಿರುಪು ಸಡಿಲ ಮಾಡಿ ಅಂತ ಬೋರ್ಡಿನ ಮೇಲೆ ಬರೆದಿದೆ. ಯಾರೂ ಮಾಡೋದಿಲ್ಲ.

ಪಕ್ಕದ ಕೋಣೆಯಲ್ಲಿ ವೀಣೆ. ಅಲ್ಲಿ ಇಷ್ಟು ಗಲಾಟೆ ಇಲ್ಲ, ಬಿಸಿಲಿನ ಕಾಟ ಮಾತ್ರ ಇನ್ನೂ ಜಾಸ್ತಿ. ವೀಣೆಯ 24 ಮೆಟ್ಟಿಲುಗಳು, ಅಂದರೆ ತಂತಿ ಒತ್ತಿ ಸ್ವರ ಹಿಡಿಯುವ ಅಡ್ಡಪಟ್ಟಿಗಳು, ಕೂತಿರೋದು ಮೇಣದ ಮೇಲೆ. ಸರಸ್ವತಿಪುರದ ಮರದ ನೆರಳು ಅಂತ ನಂಬಿ ಕಾರಿನಲ್ಲಿ ಬಿಟ್ಟು ಕಾಫಿ ಕುಡಿದು ಬರೋಷ್ಟರಲ್ಲಿ ನೆರಳು ಸರಿದಿರುತ್ತೆ, ಮೇಣ ಮೆತ್ತಗಾಗಿರುತ್ತೆ, ಗಾಂಧಾರ ಮಧ್ಯಮದ ಕಡೆ ವಾಲಿರುತ್ತೆ. ಆ ಕೋಣೆಗೆ ಬರುವ ಅಮ್ಮಂದಿರಲ್ಲಿ ಮೂರ್ನಾಲ್ಕು ಜನ ಹೊಸಬರಲ್ಲ. ವೀಣೆ ಶೇಷಣ್ಣನವರ ಊರಲ್ಲವೇ, ಹೆಣ್ಣು ನೋಡಲು ಬಂದವರು ‘ವೀಣೆ ಬರುತ್ತಾ’ ಅಂತ ಕೇಳುತ್ತಿದ್ದ ಕಾಲವೊಂದಿತ್ತು. ಬರುತ್ತೆ ಅಂದರು, ಒಂದು ಕೃತಿ ನುಡಿಸಿದರು, ಮದುವೆಯಾಯಿತು. ವೀಣೆ ಹಳೇ ಸೀರೆ ಸುತ್ತಿಕೊಂಡು ಅಟ್ಟಕ್ಕೆ ಹೋಯಿತು. ಆಮೇಲೆ ಯಾರೂ ಕೇಳಲಿಲ್ಲ. ಇಪ್ಪತ್ತೈದು ವರ್ಷದ ಮೇಲೆ ಮಗಳ ನೆಪದಲ್ಲಿ ಇಳಿಸಿದರೆ ತಂತಿಗೆ ತುಕ್ಕು, ಮೇಣ ಬಿರುಕು. ಎಲ್ಲ ಕಿತ್ತು ಹೊಸದಾಗಿ ಮೇಳ ಕಟ್ಟಿಸಬೇಕು, ಅಂದರೆ ಮೆಟ್ಟಿಲುಗಳನ್ನು ಮತ್ತೆ ಮೇಣದಲ್ಲಿ ಕೂರಿಸಬೇಕು. ಅದಾಗುವವರೆಗೆ ಅವರಲ್ಲೊಬ್ಬರು ತುಕ್ಕು ತಂತಿಯ ಮೇಲೇ ಜಂಟಿ ವರಸೆ ನುಡಿಸ್ತಾರೆ, ಪುಸ್ತಕ ನೋಡದೆ. ಪಕ್ಕದಲ್ಲಿ ಮಗಳು ಇನ್ನೂ ಅದಕ್ಕಿಂತ ಮುಂಚಿನ ಪಾಠವಾದ ಸರಳೆಯ ಎರಡನೆಯದರಲ್ಲಿ. ಅವಳು ತನ್ನದನ್ನು ಬಿಟ್ಟು ಅಮ್ಮನ ಬೆರಳು ನೋಡ್ತಾ ಕೂತಿರುತ್ತಾಳೆ.

ಎಂಟೂ ಕಾಲಿಗೆ ಕ್ಲಾಸು ಮುಗಿಯಿತು. ನಡೆದದ್ದು ಅರ್ಧ ಗಂಟೆ, ಮಾಯಾಮಾಳವಗೌಳ ರಾಗದ ಮೊದಲ ಎರಡು ವರಸೆ. ತಂತಿಯಿಲ್ಲದ ಮಗಳು ಪಕ್ಕದ ಹುಡುಗನ ಪಿಟೀಲು ಕೇಳಿ ಇಸಕೊಂಡು ನುಡಿಸಿದಳು, ಅಪ್ಪ ಅದನ್ನು ವಿಡಿಯೋ ಮಾಡಿದರು. ಹೊರಡುವಾಗ ಮೇಡಂ ಎಲ್ಲರಿಗೂ ಮತ್ತೊಮ್ಮೆ ಹೇಳಿದರು: ಸಣ್ಣ ತಂತಿ ಒಂದು ಜಾಸ್ತಿ ಯಾವಾಗಲೂ ಪೆಟ್ಟಿಗೆಯಲ್ಲಿರಲಿ, ಪಿಟೀಲು ಕಾರಿನಲ್ಲಿ ಬಿಡಬೇಡಿ, ಬಿರಡೆ ಮುಟ್ಟಬೇಡಿ. ಎಲ್ಲರೂ ತಲೆಯಾಡಿಸಿದರು. ಆ ಅಪ್ಪನದೇ ಎಲ್ಲರಿಗಿಂತ ಜೋರು.

ರಾತ್ರಿ ಒಂಬತ್ತಕ್ಕೆ ಶಿಬಿರದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರದೇ ಮೆಸೇಜು. ‘ಮೇಡಂ, ರಿಪೇರಿ ಆಯ್ತು, ಹೊಸ ತಂತಿನೂ ಹಾಕಿಸಿದೆ. ಆದ್ರೆ ಮೂರನೇದು ಸ್ವಲ್ಪ ಇಳಿದಿದೆ ಅನ್ಸುತ್ತೆ, ಆ್ಯಪ್‌ನಲ್ಲಿ ಕೆಂಪು ತೋರಿಸ್ತಿದೆ. ಒಂಚೂರು ಏರಿಸ್ಲಾ?’ ಕೆಳಗೆ ನಾಲ್ಕು ಜನ ಅಪ್ಪಂದಿರ ಹೆಬ್ಬೆರಳು.

ಮೇಡಂ ‘ಬೇಡ’ ಅಂತ ಬರೆದದ್ದು ಒಂಬತ್ತೂ ಎಂಟಕ್ಕೆ. ಒಂಬತ್ತೂ ಹತ್ತಕ್ಕೆ ಇನ್ನೊಂದು ಬಂತು: ‘ಮೇಡಂ, ಸಣ್ಣ ತಂತಿ ನಿಮ್ಮ ಹತ್ರ ಎಕ್ಸ್‌ಟ್ರಾ ಇರುತ್ತಾ?’