ಎಂಪಿಯನ್ನು ಆರಿಸು, ಸಿಆರ್ ತಂಟೆಗೆ ಹೋಗಬೇಡ

ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ದೇಶ ಆಳುವವರನ್ನು ಆರಿಸುವಷ್ಟು ಬುದ್ಧಿ ಕಾಲೇಜು ಮಕ್ಕಳಿಗೆ ಇದೆಯೆಂದು ದೆಹಲಿ ಒಪ್ಪಿಕೊಂಡಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1989-90ರಲ್ಲಿ, ಕರ್ನಾಟಕದ ಕಾಲೇಜು ಚುನಾವಣೆಗಳಿಗೆ ಬೀಗ ಬಿತ್ತು. ಕಾರಣ: ಹೊಡೆದಾಟ ಆಗುತ್ತದೆ. ನೆಗಡಿಯೆಂದು ಮೂಗು ಕೊಯ್ಯುವ ಈ ಚಿಕಿತ್ಸೆ ಪಂಚಾಯಿತಿಗೂ ವಿಧಾನಸಭೆಗೂ ಯಾಕೆ ದಕ್ಕಲಿಲ್ಲವೋ. ಬೀಗದ ಕೈ ಹುಡುಕುವ ಮಾತು ಆಗಾಗ ಕೇಳಿಬರುತ್ತದೆ, ಮಾತು ಮಾತ್ರ.

ಹಾಗಾಗಿ 21 ತುಂಬಿದ ಅಂತಿಮ ಪದವಿ ವಿದ್ಯಾರ್ಥಿ ತನ್ನೂರಿನ ಗ್ರಾಮ ಪಂಚಾಯಿತಿಗೆ ನಿಂತು ಗೆದ್ದು ಅಧ್ಯಕ್ಷನೂ ಆಗಬಹುದು. ಮಾರನೇ ದಿನ ಕ್ಲಾಸಿಗೆ ಬಂದರೆ ಸಿಆರ್, ಅಂದರೆ ತರಗತಿ ಪ್ರತಿನಿಧಿ, ಯಾರೆಂದು ಹೇಳುವವರು ಮೇಷ್ಟ್ರು. ಆಯ್ಕೆಯ ವಿಧಾನ ಸರಳ: ಮುಂದಿನ ಬೆಂಚು, ಒಳ್ಳೆಯ ಮಾರ್ಕ್ಸು, ಎದುರು ಮಾತಾಡದ ಬಾಯಿ. ಅಧಿಕಾರಗಳೂ ಸ್ಪಷ್ಟ: ಪ್ರೊಜೆಕ್ಟರ್ ಕೇಬಲ್ ತರುವುದು, ಅಸೈನ್‌ಮೆಂಟ್ ಗುಡ್ಡೆ ಹಾಕಿ ಸ್ಟಾಫ್ ರೂಮಿಗೆ ಹೊರುವುದು, ‘ನಾಳೆ ಇಂಟರ್ನಲ್ಸ್’ ಎಂದು ವಾಟ್ಸಾಪಿನಲ್ಲಿ ಹಾಕಿ ಎಲ್ಲರ ಬೈಗುಳ ತಿನ್ನುವುದು.

ಕಾಲೇಜು ಚುನಾವಣೆ ನಡೆದರೂ ಹೇಗಿರಬೇಕೆಂದು, ಅದಕ್ಕೆಂದೇ ನೇಮಿಸಿದ ಲಿಂಗ್ಡೋ ಸಮಿತಿ 2006ರಲ್ಲೇ ಬರೆದಿಟ್ಟಿದೆ, ಸುಪ್ರೀಂ ಕೋರ್ಟೂ ಒಪ್ಪಿದೆ. ಅಭ್ಯರ್ಥಿಗೆ ಶೇ 75 ಹಾಜರಾತಿ ಇರಬೇಕು. ಆ ವರ್ಷ ಬ್ಯಾಕ್‌ಲಾಗ್ ಇರಬಾರದು. ಕ್ರಿಮಿನಲ್ ಹಿನ್ನೆಲೆ ಕೂಡದು. ಖರ್ಚು 5,000 ರೂಪಾಯಿ ದಾಟಬಾರದು. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಬರಹದ್ದೇ ಆಗಬೇಕು. ಪದಾಧಿಕಾರಿ ಹುದ್ದೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಲೋಕಸಭೆಯ ಅಭ್ಯರ್ಥಿಗೆ ದೊಡ್ಡ ರಾಜ್ಯಗಳಲ್ಲಿ 95 ಲಕ್ಷದ ಮಿತಿ, ಪ್ರಕರಣಗಳ ಪಟ್ಟಿಯನ್ನು ಪ್ರಮಾಣಪತ್ರದಲ್ಲಿ ಬರೆದುಕೊಟ್ಟರೆ ನಾಮಪತ್ರ ಸ್ವೀಕೃತ. ಸದನಕ್ಕೆ 60 ದಿನ ಅನುಮತಿ ಇಲ್ಲದೆ ಬರದಿದ್ದರೆ ಸ್ಥಾನ ಖಾಲಿಯೆಂದು ಸದನ ಘೋಷಿಸಬಹುದು. ಘೋಷಿಸಲೇಬೇಕು ಎಂದೇನಿಲ್ಲ. ಇಲ್ಲಿ ಹುಡುಗನಿಗೆ ಶೇ 74 ಆದರೆ ಹಾಲ್ ಟಿಕೆಟ್ಟಿಗೇ ಕುತ್ತು.

ಇಷ್ಟಾದರೂ ಪ್ರಜಾಪ್ರಭುತ್ವದ ಮೇಲೆ ಕಾಲೇಜಿಗೆ ಪ್ರೀತಿ ಕಡಿಮೆಯಲ್ಲ. ಜನವರಿ 25ರ ರಾಷ್ಟ್ರೀಯ ಮತದಾರರ ದಿನಕ್ಕೆ ಜಾಥಾ ಇದ್ದೇ ಇರುತ್ತದೆ. ಬೇಕಾದದ್ದು: ಒಂದು ಬ್ಯಾನರ್, ಎನ್‌ಎಸ್‌ಎಸ್ ಟೋಪಿ, ಫೋಟೊ ತೆಗೆಯಲು ಒಬ್ಬ, ಕೊನೆಗೆ ಚಿತ್ರಾನ್ನ. ಎಲ್ಲಕ್ಕಿಂತ ಮುಖ್ಯವಾಗಿ, ಬಂದವರಿಗೆ ಅಟೆಂಡೆನ್ಸ್. ಅದೊಂದು ಮರೆತರೆ ಬ್ಯಾನರಿನ ಎರಡು ಕೋಲಿಗೆ ಇಬ್ಬರು ಸಿಗುವುದೂ ಕಷ್ಟ. ಧರ್ಮ, ಜಾತಿ, ಭಾಷೆ ನೋಡದೆ ‘ನಿರ್ಭಯವಾಗಿ’ ಮತ ಹಾಕುತ್ತೇವೆಂದು ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಾರೆ. ಕಾಲೇಜಿನಲ್ಲಿ ರಾಜಕೀಯ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಅಡ್ಮಿಶನ್ ದಿನ ಸಹಿ ಹಾಕಿದ್ದೂ ಅದೇ ಕೈ.

ನಿಜವಾಗಿ ಉಪಯೋಗಕ್ಕೆ ಬರುವ ಮಾತನ್ನು ಜಾಥಾದಲ್ಲಿ ಯಾರೂ ಕೂಗುವುದಿಲ್ಲ. 17 ತುಂಬಿದವರೂ ಮತದಾರರ ಪಟ್ಟಿಗೆ ಸೇರುವ ಅರ್ಜಿಯಾದ ನಮೂನೆ 6ನ್ನು ಮುಂಗಡವಾಗಿ ತುಂಬಬಹುದು. 18 ತುಂಬಿದೆಯೇ ಎಂದು ನೋಡಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ. ಹೆಸರು ಹಾಸ್ಟೆಲ್ ವಿಳಾಸದಲ್ಲಿ ಬೇಕಿದ್ದರೆ ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಬೇಕು. ಆ ಸಹಿಗೆ ಹೋದವನಿಗೆ ಆಫೀಸಿನಲ್ಲಿ ಸಿಗುವ ಉತ್ತರ, ‘ನಾಳೆ ಬಾ.’

ಸಿಆರ್ ಆಗಲಾರದವನು ಇನ್ನೇನು ಮಾಡಬೇಕು? ಸ್ವಂತ ವೆಬ್‌ಸೈಟ್ ಮಾಡುತ್ತಾನೆ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಬಿಟ್ಟಿ ಜಾಗ ಇದೆ. ಮೊದಲ ಪುಟದ ಫೈಲಿನ ಹೆಸರಿನಲ್ಲಿ ಒಂದಕ್ಷರ ಕ್ಯಾಪಿಟಲ್ ಆದರೂ ಪುಟ ತೆರೆಯುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪಿಸಿದ್ದನ್ನು ಯುನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಕನ್ನಡದ ಬದಲು ಕಾಗೆ ಕಾಲು ಗುಬ್ಬಿ ಕಾಲು. ಇದೆಲ್ಲ ದಾಟಿ ಐದನೇ ಸೆಮಿಸ್ಟರ್ ಹೊತ್ತಿಗೆ ‘ರಾಜಕೀಯ’ ಎಂಬ ವಿಭಾಗ ಹುಲುಸಾಗಿ ಬೆಳೆದಿರುತ್ತದೆ: ಹಾಸ್ಟೆಲ್ ನೀರು, ಸ್ಕಾಲರ್‌ಶಿಪ್ ವಿಳಂಬ, ಬಜೆಟ್ ವಿಮರ್ಶೆ.

ಆರನೆಯದರಲ್ಲಿ ಪ್ಲೇಸ್‌ಮೆಂಟ್ ಸೆಲ್ಲಿನ ಉಪದೇಶ: ‘ಆನ್‌ಲೈನ್‌ನಲ್ಲಿ ಕ್ಲೀನ್ ಆಗಿರಿ.’ ಕ್ಲೀನ್ ಮಾಡುವ ಕೆಲಸ ಕಟ್ಟುವುದಕ್ಕಿಂತ ಕಷ್ಟ. ಫೈಲ್ ಅಳಿಸಿದರೆ ಸಾಲದು, ಗಿಟ್ ಇತಿಹಾಸದಲ್ಲಿ ಹಳೆಯ ಕಮಿಟ್‌ಗಳು, ಅಂದರೆ ಪ್ರತಿ ಬದಲಾವಣೆಯ ದಾಖಲೆಗಳು, ಹಾಗೇ ಕೂತಿರುತ್ತವೆ. ಫೈಲುಗಳಿರುವ ರೆಪೊಸಿಟರಿಯನ್ನು ಪ್ರೈವೇಟ್ ಮಾಡಿದರೆ ಬಿಟ್ಟಿ ಖಾತೆಯಲ್ಲಿ ಸೈಟೇ ಮಾಯ. ಆದ್ದರಿಂದ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುವುದೇ ಸುಲಭದ ದಾರಿ. ಗೂಗಲ್‌ಗೆ ಬೇರೆ ಅರ್ಜಿ, ಹಳೆಯ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ಗೆ ಬೇರೆ ಮನವಿ.

ಹೊಸ ಸೈಟಿನ ‘ಆಸಕ್ತಿಗಳು’ ಸಾಲಿನಲ್ಲಿ ರಾಜಕೀಯದ ಜಾಗಕ್ಕೆ ‘ಟ್ರೆಕ್ಕಿಂಗ್’ ಬಂದಿರುತ್ತದೆ. ಕೆಳಗೆ ‘ನಾಯಕತ್ವ ಗುಣ’ ಎಂಬ ತಲೆಬರಹದಲ್ಲಿ ಒಂದು ಫೋಟೊ: ಮತದಾನ ಜಾಗೃತಿ ಜಾಥಾ, ಬ್ಯಾನರಿನ ಎಡಗಡೆಯ ಕೋಲು ಹಿಡಿದವನು.