ಹೆಸರು ಮಾಡಿದ ಮೇಲೆ ರೈಫಲ್ ಕೊಡ್ತೀರಾ?

ನಿನ್ನೆ ಶೂಟಿಂಗ್ ರೇಂಜ್‌ನಲ್ಲಿ ನೋಡಿದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

50 ಮೀಟರ್ ಪ್ರೋನ್ ಸ್ಪರ್ಧೆ, ಅಂದರೆ ಹೊಟ್ಟೆಯ ಮೇಲೆ ಮಲಗಿ ಗುರಿಯಿಡುವುದು. ಇಬ್ಬರು ಹುಡುಗಿಯರು, ಇಬ್ಬರಿಗೂ ಸೇರಿ ಒಂದೇ .22 ರೈಫಲ್. ಮೊದಲನೆಯವಳು ಎತ್ತರ, ಕೈಯೂ ಉದ್ದ. ಎರಡನೆಯವಳು ಅವಳ ಭುಜದ ಮಟ್ಟಕ್ಕೆ ಬರುತ್ತಾಳೆ. ಮೊದಲ ಪಾಳಿ ಮುಗಿದ ಕೂಡಲೇ ರೈಫಲ್ ಕೈ ಬದಲಾಯಿತು. ಭುಜಕ್ಕೆ ಒತ್ತುವ ಬಟ್ ಪ್ಲೇಟ್ ಒಳಗೆ ಎಳೆಯಬೇಕು, ಕೆನ್ನೆ ಊರುವ ಚೀಕ್ ಪೀಸ್ ಇಳಿಸಬೇಕು, ಗುರಿ ನೋಡುವ ಸೈಟ್ ಹೊಸದಾಗಿ ಹೊಂದಿಸಬೇಕು. ಅದಕ್ಕೂ, ಅಂಕಕ್ಕೆ ಮೊದಲು ಗುರಿ ಸರಿನೋಡಲು ಹಾರಿಸುವ ಸೈಟಿಂಗ್ ಗುಂಡುಗಳಿಗೂ ಸೇರಿ ಸಿಗುವುದು 15 ನಿಮಿಷ. 50 ಮೀಟರ್ ಆಚೆಗಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಕೆನ್ನೆ ಸ್ವಲ್ಪ ಆಚೀಚೆ ಕೂತರೂ ಗುಂಡು ಹೊರಗೆ. ಮೊದಲ ಹತ್ತು ಗುಂಡುಗಳ ಸೀರೀಸ್‌ನಲ್ಲೇ ಎರಡನೆಯವಳ ಅಂಕ ಬಿದ್ದುಹೋಯಿತು. ಹೊರಗೆ ಬಂದು, "ಮೇಡಂ, ನನ್ನದೇ ಒಂದು ಇದ್ದಿದ್ರೆ..." ಅಂದಳು. ಅಷ್ಟೇ. ಮುಂದೆ ಮಾತು ಹೊರಡಲಿಲ್ಲ.

ಅವಳಪ್ಪ ಸಾಲ ಮಾಡಿ ಕೊಡಿಸಲೂ ತಯಾರಿದ್ದಾರೆ. ಆದರೆ ಎಲ್ಲಿಂದ ತರುವುದು?

ಒಲಿಂಪಿಕ್ ಮಟ್ಟದ .22 ಮ್ಯಾಚ್ ರೈಫಲ್ ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ. ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಬೇರೆ ಕೆಲಸದ್ದು, ಅದನ್ನು ಹಿಡಿದು ಈ ಸ್ಪರ್ಧೆಗೆ ಇಳಿಯಲು ಆಗುವುದಿಲ್ಲ. ಮ್ಯಾಚ್ ರೈಫಲ್ ಮಾಡುವ ಆನ್ಶುಟ್ಜ್, ವಾಲ್ಥರ್, ಫೈನ್‌ವೆರ್ಕ್‌ಬಾವ್ ಕಂಪನಿಗಳು, ಎಲ್ಲವೂ ಜರ್ಮನಿಯವು. ಹೊರಗಿಂದ ತರಿಸಬೇಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಆಮದಿಗೇ ಪ್ರತ್ಯೇಕ ಲೈಸೆನ್ಸ್ ಬೇಕು. 1980ರ ದಶಕದಿಂದ ಸಾಮಾನ್ಯ ಜನರಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇದೆ. ಕ್ರೀಡೆಯ ಹೆಸರಿನಲ್ಲಿ ತೆರೆದಿರುವುದು ಮುಖ್ಯವಾಗಿ ರೈಫಲ್ ಕ್ಲಬ್‌ಗಳಿಗೆ ಮತ್ತು 'ಖ್ಯಾತ ಶೂಟರ್' ಅನ್ನಿಸಿಕೊಂಡವರಿಗೆ. ಖ್ಯಾತ ಅನ್ನಿಸಿಕೊಳ್ಳಲು ರಾಷ್ಟ್ರೀಯ ಮಟ್ಟದಲ್ಲಿ ಅಂಕ ಗಳಿಸಿರಬೇಕು. ಅಂಕ ಬರಲು ಒಳ್ಳೆಯ ರೈಫಲ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು!

ಈಗ ಯಾರ ಹತ್ತಿರ ಎಷ್ಟಿದೆ ನೋಡಿ. ಇದೇ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. 2020ರಲ್ಲಿ ಕೇಂದ್ರ ಗೃಹ ಸಚಿವಾಲಯ ಅಂತರರಾಷ್ಟ್ರೀಯ ಪದಕ ವಿಜೇತರಿಗೂ ಖ್ಯಾತ ಶೂಟರ್‌ಗಳಿಗೂ 12ರವರೆಗೆ ಅವಕಾಶ ಕೊಟ್ಟಿತು. ಅವರಿಗೆ ಕೊಟ್ಟದ್ದು ಸರಿ, ನನ್ನ ತಕರಾರಿಲ್ಲ. ಆದರೆ ಮೇಲಿನವರಿಗೆ ಹನ್ನೆರಡು ಅಂತ ಲೆಕ್ಕ ಹಾಕಿದವರು, ಕೆಳಗಿನ ಮಕ್ಕಳು ಒಂದನ್ನು ಎಲ್ಲಿಂದ ತರುತ್ತಾರೆ ಅಂತ ಯಾಕೆ ಯೋಚಿಸಲಿಲ್ಲ? ಕ್ಲಬ್ ರೈಫಲ್ ಇದೆಯಲ್ಲ ಅಂತೀರಿ. ಕ್ಲಬ್ ರೈಫಲ್ ಅಂದರೆ ನಿನ್ನೆ ಕೈ ಬದಲಾದ ರೈಫಲ್. ಬಂದೂಕಿನ ಅಂಗಡಿಯಲ್ಲಿ ನಿರ್ಬಂಧಕ್ಕೆ ಮೊದಲು ದೇಶದೊಳಗೆ ಬಂದ ಹಳೆಯವು ಸಿಕ್ಕರೆ ಸಿಗುತ್ತವೆ, ಅವುಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ನಾನು ಕೊಡಗಿನವಳು ಅಂತ ನಿಮಗೆಲ್ಲ ಗೊತ್ತು. ಕೋವಿ ಇರುವ ಮನೆಯಲ್ಲಿ ಹುಟ್ಟಿ ಬೆಳೆದವಳು. ಕೈಲ್‌ಪೊದ್ ಹಬ್ಬಕ್ಕೆ ಕೋವಿ ತೊಳೆದು, ಹೂವಿಟ್ಟು ಪೂಜೆ ಮಾಡಿದ ಮೇಲೆಯೇ ನಮಗೆ ಊಟ. ಅಪ್ಪ ತೀರಿಕೊಂಡಾಗ ಅಂಗಳದಲ್ಲಿ ಎರಡು ಗುಂಡು ಹಾರಿಸಿದ ಸದ್ದು ಇವತ್ತಿಗೂ ನನ್ನ ಎದೆಯಲ್ಲಿದೆ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಬೇಕೆನ್ನುವ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. ಆಮದಿನ 10ನೇ ಸೆಕ್ಷನ್‌ಗೆ ಅದು ಮುಟ್ಟುವುದೇ ಇಲ್ಲ. ಅಂದರೆ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಕೋವಿ ಇಡುವಷ್ಟು ಸರ್ಕಾರ ನಂಬಿರುವ ಮನೆತನದ ಹುಡುಗಿಗೂ, ಒಂದು ಸಲಕ್ಕೆ ಒಂದೇ ಗುಂಡು ಹಾಕುವ ಜರ್ಮನ್ ರೈಫಲ್ ತರಿಸಲು ಮೊದಲು ಖ್ಯಾತಿ ಬೇಕು.

ಬಂದೂಕಿನ ಮಾರ್ಪಾಡಿನ ವಿಷಯವೂ ಹೀಗೇ. ನಳಿಗೆ ಕತ್ತರಿಸುವುದು, ಆಟಿಕೆ ಬಂದೂಕನ್ನು ನಿಜದ್ದಾಗಿ ಮಾಡುವುದು ಮೊದಲಿಂದಲೂ 6ನೇ ಸೆಕ್ಷನ್‌ನಲ್ಲಿತ್ತು. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದನ್ನು 2019ರಲ್ಲಿ ಸೇರಿಸಿದರು. ಒಳ್ಳೆಯದೇ ಮಾಡಿದರು. ಆ ಕೆಲಸ ಮಾಡುವವರನ್ನು ಹಿಡಿದು ಒಳಗೆ ಹಾಕಿ. ಆದರೆ 5ನೇ ಸೆಕ್ಷನ್ ಪ್ರಕಾರ ರಿಪೇರಿ ವ್ಯವಹಾರಕ್ಕೂ ಲೈಸೆನ್ಸ್ ಬೇಕು. ಮ್ಯಾಚ್ ರೈಫಲ್ ಬಲ್ಲ ಕೆಲಸಗಾರರು ಮೊದಲೇ ಬೆರಳೆಣಿಕೆ. ಬಟ್ ಪ್ಲೇಟ್‌ಗೆ ಒಂದು ತುಂಡು ಜೋಡಿಸಿಕೊಡಿ ಅಂದರೆ, "ಬೇಡ ಮೇಡಂ, ಪೊಲೀಸ್ ತಲೆನೋವು" ಅಂತ ಕೈಮುಗಿಯುತ್ತಾರೆ. ಬೆಳೆಯುವ ವಯಸ್ಸಿನ ಮಗುವಿಗೆ ಆರು ತಿಂಗಳಿಗೊಮ್ಮೆ ಭುಜದ ಅಳತೆ ಬದಲಾಗುತ್ತದೆ. ರೈಫಲ್ ಹೊಂದಿಸಿಕೊಳ್ಳುವುದು ಈ ಆಟದ ಅರ್ಧ ಪಾಠ. ಅದನ್ನೂ ಭಯದಲ್ಲೇ ಕಲಿಸಬೇಕಾ?

ಕೆಳಗೆ ಯಾರಾದರೂ ಬಂದು "ಅಮೆರಿಕದ ಹಾಗೆ ಆಗಬೇಕಾ?" ಅಂತ ಬರೆದೇ ಬರೆಯುತ್ತೀರಿ. ಅಲ್ಲಿಯೂ ಆಮದಿಗೆ ನಿರ್ಬಂಧ ಇದೆ ಕಣ್ರೀ. 1968ರ ಕಾಯ್ದೆಯ ಪ್ರಕಾರ ಹೊರದೇಶದ ಬಂದೂಕು ಒಳಗೆ ಬರಬೇಕಾದರೆ ಅದು ಕ್ರೀಡೆಗೆ ತಕ್ಕದ್ದು ಅನ್ನಿಸಬೇಕು. ಅದೇ ಆಧಾರದ ಮೇಲೆ 1989ರಲ್ಲಿ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಹಲವು ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳ ಆಮದು ನಿಲ್ಲಿಸಿದರು. ಅವರ ಬಂದೂಕು ಸಂಸ್ಕೃತಿ ನನಗೆ ಬೇಡವೇ ಬೇಡ. ಶಾಲೆಗೆ ನುಗ್ಗಿ ಮಕ್ಕಳನ್ನು ಕೊಲ್ಲುವ ಸುದ್ದಿ ಓದಿದಾಗ ನನಗೂ ಅನ್ನ ಇಳಿಯುವುದಿಲ್ಲ. ಆದರೆ ಆ ಒಂದು ಪರೀಕ್ಷೆ ಸರಿಯಾಗಿದೆ. ಅದು ಬಂದೂಕನ್ನು ನೋಡುತ್ತದೆ. ನಮ್ಮದು ತರಿಸುವವರ ಹೆಸರು ನೋಡುತ್ತದೆ.

ಕ್ರೀಡೆಯ ಹೆಸರಲ್ಲಿ ತರಿಸಿ ಬೇರೆಯವರಿಗೆ ಮಾರಿದ ಆರೋಪದ ಪ್ರಕರಣಗಳು ನಡೆದಿಲ್ಲವಾ? ನಡೆದಿವೆ. ಆರೋಪ ಬಂದದ್ದು ಪರವಾನಗಿ ಸಿಕ್ಕವರ ಮೇಲೆ. ಪರವಾನಗಿಯೇ ಸಿಗದ ಹದಿನೈದರ ಹುಡುಗಿಗೆ ಯಾಕೆ ಶಿಕ್ಷೆ? ಮೀಟರಿಗೂ ಉದ್ದದ, ಆರೇಳು ಕಿಲೋ ತೂಗುವ, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ರೈಫಲ್ ಹೊತ್ತುಕೊಂಡು ಯಾವ ಕಳ್ಳ ದರೋಡೆಗೆ ಹೋಗುತ್ತಾನೆ?

ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್‌ನ 50 ಮೀಟರ್ ತ್ರೀ ಪೊಸಿಷನ್ (ಮೂರು ಭಂಗಿಯ) ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ನಾವೆಲ್ಲ ಕುಣಿದಾಡಿದೆವು. ಕೊಲ್ಹಾಪುರದ ಹುಡುಗ, ನಮ್ಮ ಗಡಿಯ ಪಕ್ಕದವನು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ತಲುಪಿದ ಶೂಟರ್ ಸುಮಾ ಶಿರೂರ್ ಹುಟ್ಟಿದ್ದು ಚಿಕ್ಕಬಳ್ಳಾಪುರದಲ್ಲಿ. ಇಂಥವರು ಇನ್ನೂ ಬರಬೇಕಾದರೆ ಹೆಸರು ಮಾಡುವ ಮೊದಲೇ ಕೈಗೆ ರೈಫಲ್ ಬರಬೇಕು.

ನಾವು ಕೇಳುತ್ತಿರುವುದು ಇಷ್ಟೇ. ರಾಜ್ಯ ಮಟ್ಟದಲ್ಲಿ ಅರ್ಹತಾ ಅಂಕ ಗಳಿಸಿದ ಮಕ್ಕಳಿಗೆ ಒಂದೇ ಒಂದು .22 ಮ್ಯಾಚ್ ರೈಫಲ್ ತರಿಸಲು ಬಿಡಿ. ಹತ್ತು ವರ್ಷ ಮಾರುವಂತಿಲ್ಲ ಅನ್ನಿ. ರೇಂಜ್‌ನ ಶಸ್ತ್ರಾಗಾರದಲ್ಲೇ ಬೀಗ ಹಾಕಿಡಿ ಅನ್ನಿ, ಒಪ್ಪುತ್ತೇವೆ. ಸ್ಟಾಕ್, ಬಟ್ ಪ್ಲೇಟ್, ಚೀಕ್ ಪೀಸ್ ಹೊಂದಿಸುವುದು ಮಾರ್ಪಾಡಲ್ಲ ಅಂತ ನಿಯಮದಲ್ಲೇ ಸ್ಪಷ್ಟವಾಗಿ ಬರೆಯಿರಿ. ಪೋಷಕರೆಲ್ಲ ಸೇರಿ ಮನವಿ ಬರೆಯುತ್ತಿದ್ದೇವೆ. ಗೃಹ ಸಚಿವಾಲಯಕ್ಕೂ ಕ್ರೀಡಾ ಸಚಿವಾಲಯಕ್ಕೂ ಕಳಿಸುತ್ತೇವೆ. ವಕೀಲ ಗೆಳೆಯರು ಕರಡು ನೋಡಿಕೊಡಿ. ಸಹಿ ಹಾಕುವವರು ಇನ್‌ಬಾಕ್ಸ್‌ಗೆ ಬನ್ನಿ.